ಅಕ್ಕಿ ಡಬ್ಬಿಯೂ ಬೆರಳಿನ ಬಲವೂ

ಸಂಧಿವಾತದಿಂದ ಬೆರಳುಗಳು ಡೊಂಕಾಗಿರುವ ನನ್ನ ಅಕ್ಕನಿಗೆ ಕಳೆದ ಯುಗಾದಿಯಂದು ಹೊಸ ಬಗೆಯ ಅಕ್ಕಿ ಡಬ್ಬಿಯೊಂದನ್ನು ಕೊಟ್ಟಿದ್ದೆ. ಬುಡದಲ್ಲಿರುವ ಪುಟ್ಟ ನಾಬ್ ತಿರುಗಿಸಿದರೆ ಒಂದು ಅಳತೆ ಅಕ್ಕಿ ಬೀಳುತ್ತದೆ. ತಿಂಗಳ ನಂತರ ಹೋದಾಗ ಅದು ಅಟ್ಟ ಸೇರಿತ್ತು. ನಾಬನ್ನು ಬೆರಳ ತುದಿಯಿಂದ ಬಿಗಿಯಾಗಿ ಹಿಡಿದು ಮಣಿಕಟ್ಟು ಹೊರಳಿಸಬೇಕು. ಅವರಿಗೆ ಆಗದಿರುವುದು ಅದೇ. ಅಂಗೈಯಿಂದಲೋ ಮೊಣಕೈಯಿಂದಲೋ ಒತ್ತಬಹುದಾದ ಉದ್ದನೆಯ ಹಿಡಿ, ಡಬ್ಬಿ ಜಾರದಂತೆ ತಳಕ್ಕೊಂದು ರಬ್ಬರು ಇದ್ದಿದ್ದರೆ ಸಾಕಿತ್ತು.

ಇದೇನು ಎಟುಕದ ತಂತ್ರಜ್ಞಾನವಲ್ಲ. 2020ರಲ್ಲಿ ಸೋಂಕಿನ ಭಯ ಎಲ್ಲರನ್ನೂ ಕಾಡಿದಾಗ, ಕಾಲಿನಿಂದ ಒತ್ತಿ ಸ್ಯಾನಿಟೈಸರ್ ಪಡೆಯುವ ಸ್ಟ್ಯಾಂಡುಗಳು ಕೆಲವೇ ತಿಂಗಳಲ್ಲಿ ಅಂಗಡಿ, ಕಚೇರಿಗಳ ಬಾಗಿಲಿಗೆ ಬಂದವು. ಡಬ್ಬಿಯ ವಿಷಯದಲ್ಲಾದರೋ ಕೊಳ್ಳುವವನು ನಾನು, ಬಳಸುವವರು ಅಕ್ಕ. ಹೀಗಾಗಿ ಅವರ ತೊಂದರೆ ತಯಾರಕನ ಲೆಕ್ಕಕ್ಕೆ ಬರುವುದೇ ಇಲ್ಲ. ಮಾರುಕಟ್ಟೆ ಎಡವುವ ಇಂಥ ಕಡೆ ಸರ್ಕಾರ ಕೈಹಾಕಬೇಕೆಂದೇ ನಾವು ಅರ್ಥಶಾಸ್ತ್ರದಲ್ಲಿ ಓದಿದ್ದು.

ಕಾನೂನಿನ ಆಧಾರವೂ ಇದೆ. ಎಲ್ಲರೂ ಬಳಸಬಲ್ಲ ವಿನ್ಯಾಸದ ಗ್ರಾಹಕ ವಸ್ತುಗಳ ತಯಾರಿಕೆ, ವಿತರಣೆಗಳನ್ನು ಉತ್ತೇಜಿಸುವ ಹೊಣೆಯನ್ನು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 43ನೇ ಸೆಕ್ಷನ್ ಸರ್ಕಾರಕ್ಕೆ ವಹಿಸಿದೆ. ಸರ್ಕಾರಿ ವೃದ್ಧಾಶ್ರಮ, ವಿದ್ಯಾರ್ಥಿನಿಲಯಗಳ ಊಟದ ಮನೆಗೆ ಸಾಮಗ್ರಿ ಕೊಳ್ಳುವ ಟೆಂಡರಿನಲ್ಲಿ ‘ಒಂದೇ ಕೈಯಿಂದ, ಬೆರಳು ಮಡಿಸದೆ ಬಳಸುವಂತಿರಬೇಕು’ ಎಂಬ ಶರತ್ತು ಸೇರಿಸಿದರೂ ತಯಾರಕರು ಅದಕ್ಕೆ ಹೊಂದಿಕೊಂಡಾರು. ಸೇವೆಯಲ್ಲಿದ್ದಾಗ ಅಂಥ ಟೆಂಡರುಗಳಿಗೆ ಎಷ್ಟೋ ಸಲ ಸಹಿ ಹಾಕಿದ್ದೇನೆ. ಆ ಸಾಲು ನನಗೂ ಹೊಳೆದಿರಲಿಲ್ಲ.