ಗೃಹೋಪಯೋಗಿ ವಿಚಾರ: ಟೀವಿಯ ಸ್ಟಿಕ್ಕು ಮುಷ್ಕರ ಹೂಡಿದಾಗ

ಊರಿನಿಂದ ಹಿರಿಯರು ಬಂದು ನಮ್ಮಲ್ಲಿ ಮೂರು-ನಾಲ್ಕು ತಿಂಗಳು ನಿಲ್ಲುವುದುಂಟು. ಮುಂಬಯಿ, ಪುಣೆಗಳ ನಮ್ಮ ಮನೆಗಳಲ್ಲಿ ಹಗಲೆಲ್ಲ ಅವರು ಒಬ್ಬರೇ. ನೆರೆಯವರ ಭಾಷೆ ತಿಳಿಯದು. ಅಂಥವರಿಗೆ ಟೀವಿಯ ಹಿಂದೆ ಸಿಕ್ಕಿಸಿದ ಬೆರಳುದ್ದದ ಫೈರ್ ಟೀವಿ ಸ್ಟಿಕ್ಕೇ ಮಾತಿನ ಜೊತೆ. ಯೂಟ್ಯೂಬಿನಲ್ಲಿ ಚಂದನ ವಾಹಿನಿಯ ‘ಥಟ್ ಅಂತ ಹೇಳಿ’ ಹಾಕಿಕೊಟ್ಟರೆ ಮಧ್ಯಾಹ್ನ ಸುಖವಾಗಿ ಕಳೆಯುತ್ತದೆ. ಅದು ನಿಂತಿತೋ, ತಾವೇ ಏನನ್ನೋ ಒತ್ತಿ ಕೆಡಿಸಿದೆವೆಂದು ಅಂಜಿ, ನಾವು ಬರುವವರೆಗೆ ಸುಮ್ಮನೆ ಕುಳಿತಿರುತ್ತಾರೆ. ಈ ಸಲದ ಅಂಕಣ ಆ ಸ್ಟಿಕ್ಕಿನ ಆರೈಕೆಗೆ ಮೀಸಲು.

ಕಚೇರಿಯಲ್ಲಿ ಕಡತ ತಡವಾದರೆ ಬಲ್ಲವರು ನೇರವಾಗಿ ಸಾಹೇಬರ ಕೋಣೆಗೆ ನುಗ್ಗುವುದಿಲ್ಲ. ಯಾವ ಮೇಜಿನಲ್ಲಿ ನಿಂತಿದೆಯೆಂದು ಮೊದಲಿನಿಂದ ವಿಚಾರಿಸುತ್ತಾರೆ. ಇಲ್ಲಿಯೂ ಅದೇ ಕ್ರಮ.

ಮೊದಲ ಮೇಜು ವಿದ್ಯುತ್ತಿನದು. ಸ್ಟಿಕ್ಕಿನ ವಯರನ್ನು ಟೀವಿಯ ಯುಎಸ್‌ಬಿ ಪೋರ್ಟಿಗೇ ಸಿಕ್ಕಿಸುವವರುಂಟು. ಯುಎಸ್‌ಬಿ 2.0 ಪೋರ್ಟು ಸಾಮಾನ್ಯವಾಗಿ ಕೊಡುವುದು 2.5 ವ್ಯಾಟ್, ಸ್ಟಿಕ್ಕಿನೊಡನೆ ಬರುವ ಅಡಾಪ್ಟರು ಕೊಡುವುದು 5 ವ್ಯಾಟ್. ಅರೆಹೊಟ್ಟೆಯಲ್ಲಿ ದುಡಿಯುವ ಆಳು ನಡುವೆ ಕುಸಿದರೆ ಆಶ್ಚರ್ಯವೇನು? ಗೋಡೆಯ ಪ್ಲಗ್ಗಿಗೇ ಜೋಡಿಸಿರಿ.

ಎರಡನೆಯದು ಟೀವಿ. ‘ನೋ ಸಿಗ್ನಲ್’ ಎಂದು ಬಂದರೆ, ಸ್ಟಿಕ್ಕು ಎಷ್ಟನೆಯ ಎಚ್‌ಡಿಎಂಐ ಪೋರ್ಟಿನಲ್ಲಿದೆಯೆಂದು ನೋಡಿ, ಟೀವಿಯ ರಿಮೋಟಿನ ‘ಸೋರ್ಸ್’ ಒತ್ತಿ ಅದೇ ಅಂಕಿಯನ್ನು ಆರಿಸಿರಿ.

ಮೂರನೆಯದು ವೈಫೈ. ಚಿತ್ರ ನಿಂತು ಚಕ್ರ ತಿರುಗುತ್ತಿದ್ದರೆ, ಟೀವಿಯ ಬಳಿಯೇ ನಿಂತು ಅದೇ ವೈಫೈಯಲ್ಲಿ ಫೋನಿನಲ್ಲಿ ವಿಡಿಯೋ ಹಾಕಿರಿ. ಅಲ್ಲಿಯೂ ನಿಂತರೆ ಸ್ಟಿಕ್ಕು ನಿರಪರಾಧಿ. ರೌಟರನ್ನು ಅರ್ಧ ನಿಮಿಷ ಆರಿಸಿ ಹಚ್ಚಿರಿ. 5 ಗಿಗಾಹರ್ಟ್ಸ್ ವೈಫೈಗೆ ವೇಗ ಹೆಚ್ಚು, ಆದರೆ ಗೋಡೆಗಳನ್ನು ದಾಟುವಾಗ ಸೊರಗುತ್ತದೆ. 2.4 ದೂರ ಹೋಗುತ್ತದೆ, ಆದರೆ ಕಿಕ್ಕಿರಿದ ಕಟ್ಟಡದಲ್ಲಿ ಅಕ್ಕಪಕ್ಕದವರದೂ ಅದರಲ್ಲೇ ನುಗ್ಗಾಡುತ್ತಿರುತ್ತದೆ. ಎರಡನ್ನೂ ಪರೀಕ್ಷಿಸಿ ನೋಡಬೇಕು. ಎಚ್‌ಡಿ ಚಿತ್ರಕ್ಕೆ ಸುಮಾರು 5 ಎಂಬಿಪಿಎಸ್ ವೇಗವಿದ್ದರೆ ಸಾಕು.

ನಾಲ್ಕನೆಯದು ರಿಮೋಟು. ಹೊಸ ಸೆಲ್ ಹಾಕಿಯೂ ಮಾತು ಕೇಳದಿದ್ದರೆ ‘ಹೋಮ್’ ಗುಂಡಿಯನ್ನು 10 ಸೆಕೆಂಡು ಒತ್ತಿ ಹಿಡಿಯಿರಿ; ಸ್ಟಿಕ್ಕಿನೊಡನೆ ಮತ್ತೆ ಕೂಡಿಕೊಳ್ಳುತ್ತದೆ.

ಎಲ್ಲವನ್ನೂ ಅಳಿಸುವ ‘ಫ್ಯಾಕ್ಟರಿ ರೀಸೆಟ್’ ಕಟ್ಟಕಡೆಯ ಉಪಾಯ. 2025ರ ಮಾರ್ಚಿನಲ್ಲಿ ಗೂಗಲ್‌ನ ಎರಡನೆಯ ತಲೆಮಾರಿನ ಕ್ರೋಮ್‌ಕಾಸ್ಟುಗಳು ಲೋಕದ ಹಲವೆಡೆ ಒಮ್ಮೆಲೇ ನಿಂತುಹೋದವು. ಒಳಗಿನ ಡಿಜಿಟಲ್ ಪ್ರಮಾಣಪತ್ರವೊಂದರ ಅವಧಿ ಮುಗಿದಿತ್ತು, ಅಷ್ಟೆ! ರೀಸೆಟ್ ಮಾಡಬೇಡಿರೆಂದು ಕಂಪನಿಯೇ ತಿಳಿಸಿತು. ಕಾದವರಿಗೆ ಕೆಲವು ದಿನಗಳಲ್ಲಿ ಸರಿಹೋಯಿತು. ಅವಸರಪಟ್ಟವರಿಗೆ ಮರುಜೋಡಣೆಯ ಕಷ್ಟ ಬೇರೆ ಬಂತು.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತು. ಸ್ಟಿಕ್ಕು ಕೆಟ್ಟಾಗ ಅಂತರ್ಜಾಲದಲ್ಲಿ ಹುಡುಕಿ ಸಿಕ್ಕ ಸಹಾಯವಾಣಿಗೆ ಕರೆ ಮಾಡಬೇಡಿರಿ. ‘ಆಕ್ಟಿವೇಷನ್ ಶುಲ್ಕ ಕಟ್ಟಿ’ ಎನ್ನುವವನು ವಂಚಕ. ಸ್ಟಿಕ್ಕನ್ನು ಚಾಲೂ ಮಾಡಲು ಅಂಥ ಶುಲ್ಕವೇ ಇಲ್ಲ. ಓಟಿಪಿಯನ್ನು ಯಾರಿಗೂ ಹೇಳಕೂಡದು. ಹಣ ಹೋಗಿಯೇಬಿಟ್ಟರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಮನೆಯಲ್ಲಿ ಒಬ್ಬರೇ ಇರುವ ಹಿರಿಯರಿಗೆ ಇದನ್ನು ಮೊದಲೇ ಬಿಡಿಸಿ ಹೇಳಿರಿ.

ಈ ಭಾನುವಾರ ಒಂದು ಹಾಳೆಯಲ್ಲಿ ಮೇಲಿನ ಕ್ರಮವನ್ನು ದಪ್ಪಕ್ಷರದ ಕನ್ನಡದಲ್ಲಿ ಬರೆದು ಟೀವಿಯ ಪಕ್ಕದಲ್ಲಿ ಅಂಟಿಸಿರಿ. ಮೊದಲ ಸಾಲು ಹೀಗಿರಲಿ: ‘ಅಮ್ಮಾ, ನಿಂತರೆ ಹೆದರಬೇಡ, ನೀನೇನೂ ಕೆಡಿಸಿಲ್ಲ.’