ಉಸಿರಿನ ಅಂಕಿ

ಕಳೆದ ಮಾಘಮಾಸದಲ್ಲಿ ನನ್ನ ಗೃಹಿಣಿಯು ಗೂರಲಿನ ಪರೀಕ್ಷೆಗಾಗಿ ವೈದ್ಯರಲ್ಲಿಗೆ ಹೋದಾಗ ನಾನೂ ಜೊತೆಗಿದ್ದೆನು. ಅವರು ಆಕೆಯಿಂದ ಒಂದು ಚಿಕ್ಕ ಯಂತ್ರದೊಳಕ್ಕೆ ಒಂದೇ ಸಮನಾಗಿ ಉಸಿರನ್ನು ಊದಿಸಿದರು. ಅಂಕಿ 14 ಬಂದಿತು. ಕುತೂಹಲದಿಂದ ನಾನೂ ಊದಿದೆನು, 23. ಮನೆಗೆ ಬಂದೊಡನೆ ಆಕೆಯು, "ಕಾಯಿಲೆ ಇರುವುದು ನಿಮಗೆ, ಔಷಧ ಸೇದುವುದು ನಾನು!" ಎಂದು ನಕ್ಕು ಔಷಧವನ್ನು ಬಿಟ್ಟೇಬಿಟ್ಟಳು. ಒಂಬತ್ತನೆಯ ರಾತ್ರಿ ಗೂರಲು ಮರಳಿತು; ಬೆಳಗಿನ ಜಾವದವರೆಗೆ ಇಬ್ಬರೂ ಕುಳಿತೇ ಇದ್ದೆವು. ಇತರರ ಮನೆಗಳಲ್ಲಿ ಇಂತಹ ಪ್ರಮಾದವು ನಡೆಯದಿರಲೆಂದು ಈ ತಿಂಗಳು ಆ ಅಂಕಿಯ ವಿಚಾರವನ್ನೇ ಎತ್ತಿಕೊಂಡಿದ್ದೇನೆ.

ಯಂತ್ರವು ಅಳೆಯುವುದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು. ಶ್ವಾಸನಾಳದ ಒಳಪೊರೆಯೇ ಇದನ್ನು ಉತ್ಪತ್ತಿ ಮಾಡುತ್ತದೆ. 23 ಎಂದರೆ ನೂರು ಕೋಟಿ ಭಾಗ ಉಸಿರಿನಲ್ಲಿ 23 ಭಾಗ. ನಾಳದಲ್ಲಿ ಒಂದು ಬಗೆಯ ಉರಿಯೂತವಿದ್ದರೆ ಇದು ಏರುವುದು. ಅಮೆರಿಕನ್ ಥೊರಾಸಿಕ್ ಸೊಸೈಟಿಯು 2011ರಲ್ಲಿ ಪ್ರಕಟಿಸಿದ ಸೂಚನೆಯಂತೆ, ಪ್ರೌಢರಲ್ಲಿ 25ಕ್ಕಿಂತ ಕೆಳಗಿನದು ಕಡಿಮೆ, 50ಕ್ಕಿಂತ ಮೇಲಿನದು ಹೆಚ್ಚು. ನನ್ನ 23 ರೋಗವೇ ಅಲ್ಲ.

ಹಾಗಿದ್ದರೆ ವ್ಯತ್ಯಾಸವೇಕೆ? ಆರೋಗ್ಯವಂತರಲ್ಲಿಯೂ ಸರಾಸರಿಯಾಗಿ ಗಂಡಸರ ಅಂಕಿಯು ಹೆಂಗಸರದಕ್ಕಿಂತ ಮೇಲೆ ಇರುತ್ತದೆ. ಎತ್ತರದ ದೇಹದಲ್ಲಿ ಶ್ವಾಸನಾಳದ ಒಳಮೈ ವಿಸ್ತಾರವಾದುದರಿಂದ ಅನಿಲವೂ ಹೆಚ್ಚೆಂಬುದು ಒಂದು ಕಾರಣ. ಮಕ್ಕಳಲ್ಲಿ ಇದು ಬೆಳವಣಿಗೆಯೊಡನೆ ಏರುತ್ತದೆ; ಪ್ರೌಢರಲ್ಲಿ ವಯಸ್ಸಿನ ಪ್ರಭಾವವು ಅಲ್ಪ. ಸಂಸ್ಕೃತದಲ್ಲಿ ಪತ್ನೀವಾಚಕವಾದ ದಾರಶಬ್ದವು ಪುಲ್ಲಿಂಗ, ಕಲತ್ರವು ನಪುಂಸಕಲಿಂಗ. ವ್ಯಾಕರಣವು ದೇಹವನ್ನು ಲೆಕ್ಕಿಸಲಿಲ್ಲ. ಈ ಅನಿಲವು ಲೆಕ್ಕಿಸುತ್ತದೆ.

ನನ್ನ ಗೃಹಿಣಿಯ ಅಂಕಿಯು ತಗ್ಗಿದ್ದುದಕ್ಕೆ ಇನ್ನೊಂದು ಕಾರಣವನ್ನು ವೈದ್ಯರು ಆಮೇಲೆ ತಿಳಿಸಿದರು: ಆಕೆ ಸೇದುತ್ತಿದ್ದ ಸ್ಟೆರಾಯ್ಡ್ ಔಷಧವೇ ಅದನ್ನು ತಗ್ಗಿಸುತ್ತದೆ. ಯಾವುದರ ಗುಣದಿಂದ ಅಂಕಿಯು ಇಳಿದಿತ್ತೋ ಅದನ್ನೇ ಆಕೆ ಬಿಟ್ಟಿದ್ದಳು! ಧೂಮಪಾನ ಮಾಡುವವರಲ್ಲಿಯೂ ಅಂಕಿಯು ಇಳಿಯುತ್ತದೆ. ಅದನ್ನು ಆರೋಗ್ಯವೆಂದು ಯಾರೂ ಭಾವಿಸಬಾರದು.

ಇದೇ ಅನಿಲವು ರಕ್ತನಾಳಗಳ ಒಳಪೊರೆಯಲ್ಲಿಯೂ ಹುಟ್ಟಿ ಅವುಗಳನ್ನು ಸಡಿಲಗೊಳಿಸುತ್ತದೆ. ಇದನ್ನು ಕಂಡುಕೊಂಡುದಕ್ಕಾಗಿ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಎಂಬ ಮೂವರಿಗೆ 1998ರಲ್ಲಿ ನೊಬೆಲ್ ಬಹುಮಾನವು ದೊರೆಯಿತು. ಅಲ್ಲಿ ವಯಸ್ಸಿನದೇ ಮೇಲುಗೈ. ಗಂಡಸರಲ್ಲಿ ನಲವತ್ತರ ಸುಮಾರಿನಿಂದಲೇ ನಾಳಗಳು ಹಿಗ್ಗುವ ಶಕ್ತಿಯು ಕುಂದತೊಡಗುತ್ತದೆ. ಹೆಂಗಸರನ್ನು ಈಸ್ಟ್ರೊಜನ್ ಎಂಬ ರಸವು ಇನ್ನೂ ಕೆಲಕಾಲ ಕಾಯುತ್ತದೆ; ಮುಟ್ಟು ನಿಂತ ಮೇಲೆ ಆ ರಕ್ಷಣೆಯು ತಪ್ಪಿ, ಇಳಿತವು ಬೇಗನೆ ಸಾಗುತ್ತದೆ. ಉಸಿರಿನ ಯಂತ್ರವು ಇದರ ಸುದ್ದಿಯನ್ನು ಹೇಳುವುದಿಲ್ಲ. ಐವತ್ತು ದಾಟಿದ ಗೃಹಿಣಿಯರು ರಕ್ತದೊತ್ತಡವನ್ನು ಬೇರೆಯಾಗಿಯೇ ನೋಡಿಸಿಕೊಳ್ಳಬೇಕು.

ಈಗ ಆಕೆಯು ಔಷಧವನ್ನು ಕ್ರಮವಾಗಿ ಸೇದುತ್ತಿದ್ದಾಳೆ. ಪರೀಕ್ಷೆಗೆ ಮುಂಚೆ ಬೀಟ್‌ರೂಟ್, ಪಾಲಕ್‌ಸೊಪ್ಪು ಮುಂತಾದುವನ್ನು ತಿಂದರೂ ಅಂಕಿಯು ಏರುವುದಂತೆ. ಅಂದು ಬೆಳಗ್ಗೆ ನಾನು ಬೀಟ್‌ರೂಟ್ ಪಲ್ಯವನ್ನು ಎರಡು ಸಲ ಹಾಕಿಸಿಕೊಂಡಿದ್ದೆನೆಂದು ಆಕೆಯೇ ನೆನಪು ಮಾಡಿದಳು.