ಎರಡು ದಿನದ ಬೇಕಲ, ಉಮ್ಮನಿಗೂ ಒಂದು ಸೀಟು

ಶಾಲೆಗೆ ರಜೆ ಸಿಕ್ಕಿತೆಂದರೆ ನಮ್ಮ ಮನೆಗಳ ವಾಟ್ಸಪ್ ಗ್ರೂಪುಗಳಲ್ಲಿ ಒಂದೇ ಚರ್ಚೆ: ಎಲ್ಲಿಗೆ ಹೋಗುವುದು? ಒಬ್ಬ ಗೋವಾ ಎನ್ನುತ್ತಾನೆ, ಇನ್ನೊಬ್ಬ ಊಟಿ. ಗಲ್ಫಿನಿಂದ ರಜೆಯಲ್ಲಿ ಬಂದವನಿಗೆ ಕೊಡೈಕನಾಲೇ ಆಗಬೇಕು. ಆಮೇಲೆ ಗಾಡಿಯಲ್ಲಿ ಎಷ್ಟು ಜನ ಹಿಡಿಯುತ್ತದೆ ಎಂಬ ಲೆಕ್ಕ. ಆ ಲೆಕ್ಕ ಮುಗಿಯುವ ಮೊದಲೇ ಉಮ್ಮ ಹೇಳಿಬಿಡುತ್ತಾರೆ: "ನೀವು ಹೋಗಿ ಬನ್ನಿ ಮಕ್ಕಳೇ, ಮನೆ ನೋಡಿಕೊಳ್ಳಲು ಒಬ್ಬರು ಬೇಕಲ್ಲ." ಎಲ್ಲರಿಗೂ ಸಮಾಧಾನ. ಒಂದು ಸೀಟು ಉಳಿಯಿತು.

ಈ ಮಾತನ್ನು ನಾವು ಉಮ್ಮನ ದೊಡ್ಡ ಮನಸ್ಸು ಎಂದು ಹೊಗಳುತ್ತೇವೆ. ನನಗೆ ಹಾಗೆ ಅನ್ನಿಸುವುದಿಲ್ಲ. ಹತ್ತು ಗಂಟೆ ಗಾಡಿಯಲ್ಲಿ ಕುಳಿತರೆ ಮಂಡಿ ಹಿಡಿದುಕೊಳ್ಳುತ್ತದೆ, ಗೊತ್ತಿಲ್ಲದ ಊರಿನಲ್ಲಿ ಬಾತ್‌ರೂಮು ಕೇಳಲಿಕ್ಕೂ ಮಗನ ಮುಖ ನೋಡಬೇಕು. ಇದನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ, ಮನೆಯ ಕಾವಲು ಎನ್ನುತ್ತಾರೆ. ಉಮ್ಮ ಬರಲಾಗದಂಥ ಪ್ಲಾನನ್ನು ನಾವೇ ಮಾಡಿ, ಅವರೇ ಬರಲಿಲ್ಲ ಎಂದು ಊರೆಲ್ಲ ಹೇಳುತ್ತೇವೆ.

ನಾನು ಹುಟ್ಟಿದ್ದು ಉಪ್ಪಳದಲ್ಲಿ, ಮದುವೆಯಾಗಿ ಬಂದದ್ದು ಮಂಗಳೂರಿಗೆ. ಎರಡೂ ಕಡೆಯ ಮನೆಗಳನ್ನು ನೋಡಿ ಒಂದು ಮಾತು ಹೇಳುತ್ತೇನೆ. ಉಮ್ರಾ ಮಾಡಿ ಬಂದ ಎಷ್ಟೋ ಉಮ್ಮಂದಿರು ನಮ್ಮಲ್ಲಿ ಬೇಕಲ ಕೋಟೆ ನೋಡಿಲ್ಲ. ಮಂಗಳೂರಿನಿಂದ ಬೇಕಲಕ್ಕೆ ಇರುವುದು ಸುಮಾರು 70 ಕಿಲೋಮೀಟರ್. ಕಾಸರಗೋಡಿಗೆ ಅವರು ನೂರು ಸಲ ಹೋಗಿದ್ದಾರೆ, ಆದರೆ ಮದುವೆಗೆ, ಮಯ್ಯತ್ತಿಗೆ, ಬಾಣಂತಿ ನೋಡಲಿಕ್ಕೆ. ಏನೂ ಕೆಲಸವಿಲ್ಲದೆ, ಬರೀ ಕಡಲು ನೋಡಲಿಕ್ಕೆಂದು ಹೋದದ್ದಿಲ್ಲ.

ಅದಕ್ಕೇ ನನ್ನ ಸಲಹೆ: ಮುಂದಿನ ರಜೆಯಲ್ಲಿ ಎರಡು ದಿನ ಕಾಸರಗೋಡು-ಬೇಕಲ ಇಟ್ಟುಕೊಳ್ಳಿ. ಹತ್ತಿರ ಮತ್ತು ಅಗ್ಗ ಎಂಬುದು ಇದ್ದೇ ಇದೆ. ಅದಕ್ಕಿಂತ ದೊಡ್ಡ ಕಾರಣ ಭಾಷೆ. ಗೋವಾದಲ್ಲಿ ನಮ್ಮ ಉಮ್ಮ ಮೂಕಿ. ಕಾಸರಗೋಡಿನಲ್ಲಿ ಅವರಿಗೆ ಬಾಯಿ ಇದೆ. ಬ್ಯಾರಿಯಲ್ಲಿ ಕೇಳಿದರೆ ಅಂಗಡಿಯವನು ಮಲಯಾಳದಲ್ಲಿ ಉತ್ತರ ಕೊಡುತ್ತಾನೆ, ಇಬ್ಬರಿಗೂ ಅರ್ಥವಾಗುತ್ತದೆ. ತುಳುನಾಡಿನ ತೆಂಕಣ ಗಡಿ ಎಂದು ಹಿಂದಿನಿಂದ ಹೇಳುವ ಚಂದ್ರಗಿರಿ ಹೊಳೆ ದಾಟಿದ ಮೇಲೆ ಮಾತಿನ ಧಾಟಿ ಬದಲಾಗುವುದನ್ನು ಅವರೇ ನಿಮಗೆ ತೋರಿಸಿಕೊಡುತ್ತಾರೆ. ಕಳೆದ ಡಿಸೆಂಬರಿನಲ್ಲಿ ನನ್ನ ಉಮ್ಮ ಬೇಕಲದಲ್ಲಿ ಎಳನೀರಿನವನ ಹತ್ತಿರ ಕಾಲು ಗಂಟೆ ಮಾತಾಡಿದರು, ಕ್ರಯವನ್ನೂ ಇಳಿಸಿದರು. ಪರವೂರಿಗೆ ಹೋದಾಗ ಅವರು ಅಷ್ಟು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

"ಅಲ್ಲಿ ನೋಡಲಿಕ್ಕೆ ಏನಿದೆ?" ಎಂದು ಹುಡುಗರು ಕೇಳುತ್ತಾರೆ. ಬೇಕಲದ್ದು ಕೇರಳದ ಅತಿ ದೊಡ್ಡ ಕೋಟೆ, ಸುಮಾರು 40 ಎಕರೆ. 17ನೇ ಶತಮಾನದಲ್ಲಿ ಕಟ್ಟಿಸಿದವರು ಕೆಳದಿಯ ಶಿವಪ್ಪ ನಾಯಕರು. ಆಮೇಲೆ ಹೈದರಾಲಿ, ಟಿಪ್ಪು ಸುಲ್ತಾನ್, 1799ರಲ್ಲಿ ಇಂಗ್ಲಿಷ್ ಕಂಪೆನಿ. ಕೋಟೆ ಬಾಗಿಲಲ್ಲಿ ಆಂಜನೇಯನ ಗುಡಿ, ಹತ್ತಿರದಲ್ಲೇ ಟಿಪ್ಪು ಕಾಲದ್ದೆಂದು ಹೇಳುವ ಮಸೀದಿ. 1995ರ 'ಬಾಂಬೆ' ಸಿನಿಮಾದ ಹಾಡನ್ನು ಚಿತ್ರೀಕರಿಸಿದ್ದು ಇಲ್ಲೇ ಎಂದರೆ ಹುಡುಗರೂ ಎದ್ದು ಕೂರುತ್ತಾರೆ. ಮಕ್ಕಳಿಗೆ ಇನ್ನೊಂದು ಸಂಗತಿಯನ್ನೂ ಹೇಳಿ: 1956ರ ನವೆಂಬರ್ 1ರ ತನಕ ಕಾಸರಗೋಡು ನಮ್ಮ ದಕ್ಷಿಣ ಕನ್ನಡ ಜಿಲ್ಲೆಯದ್ದೇ ಒಂದು ತಾಲೂಕು. ಗಡಿ ಬಂತು, ಸಂಬಂಧ ಕಡಿಯಲಿಲ್ಲ. ಆಚೆ ಈಚೆ ಹೆಣ್ಣು ಕೊಟ್ಟು ತಂದುಕೊಂಡೇ ಇದ್ದೇವೆ.

ಹೋಗುವುದಾದರೆ ರೈಲಿನಲ್ಲಿ ಹೋಗಿ. ಆರು ಪಥದ ಹೆದ್ದಾರಿಯಲ್ಲಿ ಕಾರು ಓಡಿಸಿದರೆ ಉಪ್ಪಳ, ಕುಂಬಳೆ ಎಲ್ಲಿ ಬಂತು, ಎಲ್ಲಿ ಹೋಯಿತು ಎಂದೇ ತಿಳಿಯುವುದಿಲ್ಲ. ರೈಲಿನಲ್ಲಿ ಕಾಲು ನೀಡಬಹುದು, ಕಿಟಕಿಯಲ್ಲಿ ನೇತ್ರಾವತಿ, ಕುಂಬಳೆ ಹೊಳೆ, ಚಂದ್ರಗಿರಿ ಒಂದೊಂದಾಗಿ ಬರುತ್ತವೆ. ಬೇಕಲ ಕೋಟೆಯ ಹೆಸರಿನದ್ದೇ ಒಂದು ಸಣ್ಣ ನಿಲ್ದಾಣ ಇದೆ. ಎಲ್ಲ ಗಾಡಿಗಳೂ ಅಲ್ಲಿ ನಿಲ್ಲುವುದಿಲ್ಲ, ಮೊದಲೇ ನೋಡಿಕೊಳ್ಳಿ. ಇಲ್ಲವಾದರೆ ಕಾಸರಗೋಡಿನಲ್ಲಿ ಇಳಿದು ಕಾಞಂಗಾಡಿನ ಕಡಲ ದಾರಿಯ ಬಸ್ಸು ಹಿಡಿಯಿರಿ.

ಮೊದಲ ದಿನ ಕಾಸರಗೋಡಿನಲ್ಲಿ ರೂಮು ಮಾಡಿ. ತಳಂಗರೆಯ ಮಾಲಿಕ್ ದೀನಾರ್ ಮಸೀದಿಗೆ ಹೋಗಿ ಬನ್ನಿ, ಸಂಜೆ ಹೊಳೆ ಬದಿ ಕುಳಿತುಕೊಳ್ಳಿ. ಮರುದಿನ ಬೆಳಿಗ್ಗೆ ಕೋಟೆಯ ಬಾಗಿಲು ತೆರೆದ ಕೂಡಲೇ ಒಳಗೆ ಹೋಗಿ. ಒಳಗೆ ನೆರಳು ಕಡಿಮೆ, ಹನ್ನೊಂದು ಗಂಟೆಯ ಮೇಲೆ ಮುರಕಲ್ಲು ಕಾಯುತ್ತದೆ, ಪ್ರಾಯದವರಿಗೆ ಆಗುವುದಿಲ್ಲ. ಡಿಸೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಜೂನ್, ಜುಲೈ ಬೇಡ. ಕಡಲು ಕೋಪದಲ್ಲಿರುತ್ತದೆ, ಟ್ರಾಲಿಂಗ್ ನಿಷೇಧ ಇರುವುದರಿಂದ ತಾಜಾ ಮೀನೂ ಕಷ್ಟ. ಬರುವಾಗ ಹೊತ್ತಿದ್ದರೆ ಮಂಜೇಶ್ವರದಲ್ಲಿ ಇಳಿದು ಗೋವಿಂದ ಪೈಗಳ ಮನೆ, ಈಗಿನ 'ಗಿಳಿವಿಂಡು' ಸ್ಮಾರಕ ನೋಡಿ. ಕನ್ನಡ ಕಲಿಯುವ ಮಕ್ಕಳು ನೋಡಲೇಬೇಕಾದ ಜಾಗ. ಬೇಕಲಕ್ಕೆ ಹೋದರೆ ಕಸ್ರ್ ಆಗುವಷ್ಟು ದೂರವಾಗುವುದಿಲ್ಲ, ಹಾಗಾಗಿ ಹೆಂಗಸರ ನಮಾಜಿಗೆ ಜಾಗ ಎಲ್ಲಿ ಎಂಬುದನ್ನು ಹೊರಡುವ ಮೊದಲೇ ವಿಚಾರಿಸಿಡಿ. ಗಂಡಸರಿಗೆ ಎಲ್ಲ ಕಡೆ ಮಸೀದಿ ಇರುವುದರಿಂದ ಈ ಪ್ರಶ್ನೆಯೇ ಅವರ ತಲೆಗೆ ಬರುವುದಿಲ್ಲ.

ಇನ್ನು ಎರಡು ಷರತ್ತು. ಒಂದು, ಮನೆಯ ಅಡುಗೆಕೋಣೆಯನ್ನು ಡಿಕ್ಕಿಯಲ್ಲಿ ತುಂಬಬೇಡಿ. ನಮ್ಮಲ್ಲಿ ಟೂರ್ ಎಂದರೆ ಹಿಂದಿನ ರಾತ್ರಿ ಹೆಂಗಸರಿಗೆ ನಿದ್ದೆ ಇಲ್ಲ: ಪತ್ತಿರ್ ಮಾಡು, ಕೋಳಿ ಹುರಿ, ಫ್ಲಾಸ್ಕಿಗೆ ಚಾ ತುಂಬಿಸು. ತಿರುಗಿ ಬಂದ ಮೇಲೆ ತೊಳೆಯುವ ಪಾತ್ರೆ. ಇದರಲ್ಲಿ ಅವರಿಗೆ ರಜೆ ಎಲ್ಲಿ ಸಿಕ್ಕಿತು? ಕಾಸರಗೋಡಿನ ಹೋಟೆಲುಗಳಲ್ಲಿ ನಮ್ಮ ನಾಲಗೆಗೆ ಒಗ್ಗುವ ಊಟವೇ ಸಿಗುತ್ತದೆ. ಎರಡು ದಿನ ಉಮ್ಮ ಕುಳಿತು ಉಣ್ಣಲಿ, ಬಡಿಸುವವರು ಬೇರೆ ಇರಲಿ.

ಎರಡು, ಕುಟುಂಬದವರ ಮನೆ. ಇದು ಸ್ವಲ್ಪ ಕಷ್ಟದ ಮಾತು. ಉಪ್ಪಳದಲ್ಲಿ ಒಬ್ಬರು, ಮೊಗ್ರಾಲಿನಲ್ಲಿ ಒಬ್ಬರು, ಚೆಮ್ನಾಡಿನಲ್ಲಿ ಮತ್ತೊಬ್ಬರು ಇದ್ದೇ ಇರುತ್ತಾರೆ. ಊರಿಗೆ ಬಂದು ಮನೆಗೆ ಬರಲಿಲ್ಲ ಎಂಬ ಮಾತು ಮುಂದಿನ ಮೂರು ಮದುವೆಗಳ ತನಕ ಉಳಿಯುತ್ತದೆ. ಆದರೆ ಎಲ್ಲರ ಮನೆಗೂ ಹೋದರೆ ಕೋಟೆ ನೋಡುವುದು ಯಾವಾಗ? ಮೇಲಾಗಿ ನಮ್ಮ ರಜೆಗಾಗಿ ಆ ಮನೆಯ ಹೆಂಗಸರು ಬೆಳಿಗ್ಗೆಯಿಂದ ಒಲೆ ಮುಂದೆ ನಿಲ್ಲಬೇಕು. ಮೊದಲೇ ಫೋನು ಮಾಡಿ ಹೇಳಿಬಿಡಿ: ಈ ಸಲ ಒಂದೇ ಮನೆ, ಅದೂ ಚಾ ಮಾತ್ರ. ಇನ್ನೂ ಒಳ್ಳೆಯದೆಂದರೆ ಅವರನ್ನೇ ಕಡಲ ಬದಿಗೆ ಕರೆಯಿರಿ. ಆ ಮನೆಯ ಉಮ್ಮನೂ ಕೋಟೆ ನೋಡಿರಲಿಕ್ಕಿಲ್ಲ.

ಹಣ ಇದ್ದವರು ದುಬೈಗೂ ಹೋಗಲಿ, ಕಾಶ್ಮೀರಕ್ಕೂ ಹೋಗಲಿ, ನನ್ನ ತಕರಾರಿಲ್ಲ. ಆದರೆ ದೂರದ ಟೂರಿಗೆ ಹಣ ಕೂಡಿ ಬರುವ ತನಕ ಕಾಯುತ್ತಾ ಕೂತರೆ ಉಮ್ಮನ ಮಂಡಿ ಕಾಯುವುದಿಲ್ಲ. ಈ ವರ್ಷ ಮೆಟ್ಟಿಲು ಹತ್ತುವವರು ಇನ್ನೆರಡು ವರ್ಷಕ್ಕೆ ಹತ್ತುತ್ತಾರೆಂದು ಯಾರು ಹೇಳಬಲ್ಲರು? ಕೋಟೆಯ ನಡುವಿನ ದೊಡ್ಡ ಬತ್ತೇರಿಗೆ ಏರು ದಾರಿ ಇದೆ, ನಿಧಾನಕ್ಕೆ ಕೈ ಹಿಡಿದು ನಡೆಸಬಹುದು.

ಗ್ರೂಪಿನಲ್ಲಿ ಮುಂದಿನ ಚರ್ಚೆ ಶುರುವಾದಾಗ ಊರು ಯಾವುದು, ಗಾಡಿ ಯಾವುದು ಎಂದು ಆಮೇಲೆ ಕೇಳಿ. ಮೊದಲು ಉಮ್ಮನ ಹತ್ತಿರ ಹೋಗಿ, ಅವರಿಗೆ ಯಾವ ದಿನ ಆಗುತ್ತದೆ ಎಂದು ಕೇಳಿ. "ನನಗೆ ಯಾಕೆ ಮಕ್ಕಳೇ" ಎಂದೇ ಅವರು ಹೇಳುವುದು. ಇನ್ನೊಂದು ಸಲ ಕೇಳಿ. ಮನೆಗೆ ಬೀಗ ಹಾಕಿದರೆ ಸಾಕು.